ಅವ್ವ ಹೇಳಿದ್ದು ಒಂದು, ನಾನು ಬರೆದದ್ದು ಇನ್ನೊಂದು

ಮಾನ್ಯ ಸಂಪಾದಕರೇ,

2027ರ ಫೆಬ್ರುವರಿಯಲ್ಲಿ ನಡೆಯಲಿರುವ ಜನಗಣತಿಯಲ್ಲಿ ಕರ್ನಾಟಕದವರೆಲ್ಲರೂ ಮಾತೃಭಾಷೆಯ ಕಾಲಂನಲ್ಲಿ ‘ಕನ್ನಡ’ ಎಂದೇ ಬರೆಸಬೇಕು, ಮನೆಗೊಂದು ಭಾಷೆ ಬರೆಸುತ್ತ ಹೋದರೆ ನಾಡೂ ಉಳಿಯುವುದಿಲ್ಲ, ದೇಶವೂ ಉಳಿಯುವುದಿಲ್ಲ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದದ್ದನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ ನಾಚಿಕೆಯಾಯಿತು. ಅವರು ಮಾಡಿರೆಂದು ಹೇಳುತ್ತಿರುವ ಕೆಲಸವನ್ನು ನಾನು 1991ರಲ್ಲೇ ಮಾಡಿ ಮುಗಿಸಿದ್ದೇನೆ. ಅದೂ ಸರ್ಕಾರಿ ಚೀಟಿಯಲ್ಲಿ, ನನ್ನನ್ನು ಹೆತ್ತವಳ ಹೆಸರಿನ ಕೆಳಗೆ.

ನಾನು ಸುಳ್ಯ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಪಾಠ ಮಾಡಿ ನಿವೃತ್ತಳಾದವಳು. ಹೆಚ್ಚಿನ ಕಾಲ ಒಂದನೇ ತರಗತಿಯೇ ನನ್ನ ಪಾಲಿಗೆ ಬಂತು. ಸರ್ಕಾರಿ ಶಾಲೆಯವರಿಗೆ ಪಾಠದ ಜೊತೆ ಮತಪಟ್ಟಿ, ಬಿಸಿಯೂಟದ ಲೆಕ್ಕ, ಚುನಾವಣೆ, ಗಣತಿ ಎಲ್ಲವೂ ಅಂಟಿಕೊಂಡು ಬರುತ್ತವೆ. ಹಾಗಾಗಿ 1991, 2001, 2011 ಮೂರು ಜನಗಣತಿಗಳಲ್ಲೂ ಗಣತಿದಾರಳಾಗಿದ್ದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಚೀಲ ಹೆಗಲಿಗೇರಿಸಿ, ಗುಡ್ಡ ಹತ್ತಿ ತೋಡು ದಾಟಿ, ನಾಯಿಗಳಿಗೆ ಹೆದರುತ್ತ ಮನೆ ಮನೆಗೆ ಹೋದವರಿಗೆ ಮಾತ್ರ ಗೊತ್ತು, ಈ ದೇಶದ ಅಂಕಿಅಂಶಗಳು ಎಂಥ ಕಾಲುಗಳ ಮೇಲೆ ನಿಂತಿವೆ ಎಂದು.

ನಮ್ಮ ಮನೆಮಾತು ಅರೆಭಾಷೆ. ಸುಳ್ಯ, ಮಡಿಕೇರಿ ಕಡೆಯ ಗೌಡರು ಆಡುವ ಮಾತು. ಘಟ್ಟದ ಮೇಲಿನವರು ಮೊದಲ ವಾಕ್ಯ ಕೇಳಿ ‘ಇದು ಕನ್ನಡವೇ ಅಲ್ಲವೇ’ ಎನ್ನುತ್ತಾರೆ, ನಾಲ್ಕನೆಯ ವಾಕ್ಯಕ್ಕೆ ಬರುವಾಗ ಸುಮ್ಮನಾಗುತ್ತಾರೆ. 1991ರಲ್ಲಿ ನಮ್ಮ ಮನೆಯೂ ನಾನು ಎಣಿಸಬೇಕಾದ ಬ್ಲಾಕಿಗೇ ಸೇರಿತ್ತು. ಆಗ ಒಬ್ಬೊಬ್ಬರಿಗೂ ಒಂದೊಂದು ವೈಯಕ್ತಿಕ ಚೀಟಿ ತುಂಬಬೇಕಿತ್ತು. ಅವ್ವ ಅಂಗಳದ ಬದಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದಳು. ಎಲ್ಲರನ್ನೂ ಕೇಳುವ ಹಾಗೆ ಅವಳನ್ನೂ ಕೇಳಿದೆ, ಮಾತೃಭಾಷೆ ಯಾವುದೆಂದು. ಇದೇನು ಪ್ರಶ್ನೆ ಎಂಬಂತೆ ನನ್ನ ಮುಖ ನೋಡಿ, ‘ಅರೆಭಾಷೆ’ ಎಂದಳು. ನಾನು ‘ಕನ್ನಡ’ ಎಂದು ಬರೆದೆ.

ಯಾಕೆ ಬರೆದೆ? ಹೆಸರಿನಲ್ಲೇ ‘ಅರೆ’ ಇರುವ ಭಾಷೆಯನ್ನು ಸರ್ಕಾರದ ಕಾಗದದಲ್ಲಿ ಬರೆದರೆ ಮೇಲ್ವಿಚಾರಕರು ನಕ್ಕಾರು ಎಂಬ ಅಂಜಿಕೆ ಒಂದು. ಕನ್ನಡ ಕಲಿಸುವವಳ ಅವ್ವನಿಗೆ ಕನ್ನಡ ತಾಯಿನುಡಿಯಲ್ಲ ಎಂದರೆ ಹೇಗೆ ಎಂಬ ಒಣ ಪ್ರತಿಷ್ಠೆ ಇನ್ನೊಂದು. ಇಪ್ಪತ್ತೆಂಟರ ಪ್ರಾಯ, ಕೆಲಸ ಸಿಕ್ಕಿ ಎರಡೇ ವರ್ಷವಾಗಿತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ‘ಬರೆದೆಯಾ?’ ಎಂದು ಕೇಳಿದಳು. ‘ಬರೆದೆ’ ಎಂದೆ. ಅದು ಸುಳ್ಳೂ ಅಲ್ಲ, ನೋಡಿ.

ಗಣತಿದಾರರ ಕೈಪಿಡಿಯನ್ನು ನಾನು ಸರಿಯಾಗಿ ಓದಿದ್ದು ಮುಂದಿನ ಗಣತಿಗೆ. ಅದರಲ್ಲಿ ಎಲ್ಲವೂ ಬಿಡಿಸಿ ಹೇಳಿದೆ. ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಂದಿಗೆ ಆಡಿದ ಭಾಷೆ. ತಾಯಿ ಎಳವೆಯಲ್ಲೇ ತೀರಿಹೋಗಿದ್ದರೆ ಆಗ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಒಂದೇ ಮನೆಯಲ್ಲಿ ಎಲ್ಲರದೂ ಒಂದೇ ಆಗಿರಬೇಕೆಂದಿಲ್ಲ. ಹೇಳಿದ ಭಾಷೆ ಮತ್ತೊಂದರ ಉಪಭಾಷೆಯೋ ಎಂದು ತೀರ್ಮಾನಿಸುವುದು ಗಣತಿದಾರರ ಕೆಲಸವಲ್ಲ. ಧರ್ಮ ನೋಡಿ ಭಾಷೆ ಊಹಿಸಬಾರದು. ಈ ಕೊನೆಯ ಮಾತನ್ನು ತರಬೇತಿಯಲ್ಲಿ ಓದಿದಾಗ ನನ್ನ ಪಕ್ಕದಲ್ಲಿದ್ದ ಮಾಸ್ತರರೊಬ್ಬರು ತಲೆ ತಗ್ಗಿಸಿದರು. ಹತ್ತು ವರ್ಷದ ಹಿಂದೆ ಅವರು ತಮ್ಮ ಬ್ಲಾಕಿನಲ್ಲಿ ಬ್ಯಾರಿ ಭಾಷೆಯಾಡುವ ಕರಾವಳಿ ಮುಸ್ಲಿಮರ ಮನೆಗಳಲ್ಲೆಲ್ಲ ಕೇಳದೆಯೇ ‘ಉರ್ದು’ ಬರೆದು ಬಂದಿದ್ದರಂತೆ. ಆ ಮನೆಗಳಲ್ಲಿ ಉರ್ದು ಬಲ್ಲವರು ಒಬ್ಬರೂ ಇರಲಿಲ್ಲ. ಅವರ ಪಕ್ಕದಲ್ಲಿ ನಾನೂ ತಲೆ ತಗ್ಗಿಸಿದೆ. ಅವ್ವ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

ಈಗ ಆ ಓದುಗರ ವಾದಕ್ಕೆ ಬರುತ್ತೇನೆ. ಭಾಷೆಗಳ ಪಟ್ಟಿ ಉದ್ದವಾದಷ್ಟೂ ದೇಶ ಸಡಿಲವಾಗುತ್ತದೆ ಎನ್ನುತ್ತಾರೆ ಅವರು. ಪಟ್ಟಿ ಎಷ್ಟು ಉದ್ದವಿದೆ ಎಂದು ಅವರಿಗೆ ಗೊತ್ತಿದ್ದಂತಿಲ್ಲ. 2011ರಲ್ಲಿ ಜನ ಮಾತೃಭಾಷೆ ಎಂದು ಹೇಳಿದ ಹೆಸರುಗಳು 19,569. ಕಾಗುಣಿತದ ವ್ಯತ್ಯಾಸ, ಊರಿನ ಹೆಸರು, ಜಾತಿಯ ಹೆಸರುಗಳನ್ನೆಲ್ಲ ಸೋಸಿದ ಮೇಲೆ ಉಳಿದ ಮಾತೃಭಾಷೆಗಳು 1,369. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವುದನ್ನು ಬದಿಗಿಟ್ಟು, ಉಳಿದವನ್ನು ಗುಂಪು ಮಾಡಿದಾಗ 121 ಭಾಷೆಗಳು. ಇದರಲ್ಲಿ 22 ಮಾತ್ರ ಸಂವಿಧಾನದ ಭಾಷಾಪಟ್ಟಿಯಾದ ಎಂಟನೇ ಪರಿಚ್ಛೇದದಲ್ಲಿವೆ. 1950ರಲ್ಲಿ ಅಲ್ಲಿದ್ದುದು 14. ಸಿಂಧಿ 1967ರಲ್ಲಿ ಸೇರಿತು, ಕೊಂಕಣಿ, ಮಣಿಪುರಿ, ನೇಪಾಳಿ 1992ರಲ್ಲಿ, ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ 2003ರಲ್ಲಿ. ಪ್ರತಿ ಸಲ ಸೇರಿಸುವಾಗಲೂ ‘ಇನ್ನು ಇದಕ್ಕೆ ಕೊನೆಯುಂಟೇ’ ಎಂದವರಿದ್ದರು. ಸೇರಿದ ಮೇಲೆ ಆ ಭಾಷೆಗಳವರು ಗಂಟುಮೂಟೆ ಕಟ್ಟಿಕೊಂಡು ದೇಶ ಬಿಟ್ಟು ಹೊರಡಲಿಲ್ಲ. ನಮ್ಮ ತುಳುವರು ಹದಿನೆಂಟು ಲಕ್ಷಕ್ಕೂ ಹೆಚ್ಚಿದ್ದು ಇನ್ನೂ ಬಾಗಿಲಲ್ಲೇ ಕಾಯುತ್ತಿದ್ದಾರೆ, ಅದು ಬೇರೆ ಕತೆ.

ಒಡೆದುಹೋಗುತ್ತದೆ ಎಂಬ ಹೆದರಿಕೆ ಹೊಸದಲ್ಲ. 1948ರಲ್ಲಿ ಧರ್ ಆಯೋಗವೂ ಭಾಷೆಯ ಆಧಾರದಲ್ಲಿ ಪ್ರಾಂತ್ಯ ಮಾಡುವುದು ದೇಶದ ಹಿತಕ್ಕೆ ಒಳ್ಳೆಯದಲ್ಲ ಎಂದೇ ಹೇಳಿತು. ದೇಶವಿಭಜನೆಯ ಗಾಯ ಹಸಿಯಾಗಿದ್ದ ಕಾಲ, ಹೆದರಿದವರನ್ನು ತಪ್ಪೆನ್ನಲಾರೆ. ಆದರೆ 1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ತೆಲುಗರಿಗೆ ಪ್ರತ್ಯೇಕ ರಾಜ್ಯ ಬೇಕೆಂದು ಹಿಡಿದ ಉಪವಾಸದಲ್ಲಿ ಪ್ರಾಣ ಬಿಟ್ಟ ಮೇಲೆ ಆಂಧ್ರವಾಯಿತು, 1956ರ ನವೆಂಬರ್ 1ಕ್ಕೆ ನಮ್ಮ ರಾಜ್ಯವೂ ಆಯಿತು. ಅಲ್ಲಿಯವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಆ ಓದುಗರು ಇಂದು ‘ಕರ್ನಾಟಕದವರೆಲ್ಲರೂ’ ಎಂದು ಬರೆಯಲು ಸಾಧ್ಯವಾದದ್ದೇ ಅಂದು ಒಡೆಯುವವರು ಎನಿಸಿಕೊಂಡವರಿಂದ.

ಅದೇ 1956ರಲ್ಲಿ ನಮ್ಮ ನೆರೆಯಲ್ಲಿ ಇನ್ನೊಂದು ದಾರಿ ಹಿಡಿದರು. ಆಗಿನ ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಸಿಂಹಳವೊಂದೇ ಅಧಿಕೃತ ಭಾಷೆ ಎಂದು ಕಾಯ್ದೆ ಮಾಡಿದರು. ಅದಕ್ಕೂ ಮೊದಲು, 1948ರ ಪೌರತ್ವ ಕಾಯ್ದೆಯಲ್ಲಿ, ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ಭಾರತ ಮೂಲದ ತಮಿಳರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾಗಿಬಿಟ್ಟಿದ್ದರು. ಅಲ್ಲಿ ಮುಂದೆ ಹತ್ತಿಕೊಂಡ ಬೆಂಕಿಗೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಒಂದು ಭಾಷಾ ಕಾಯ್ದೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಸಿಂಹಳ ಕಾಯ್ದೆ ದೇಶವನ್ನು ಒಂದು ಮಾಡಿತು ಎಂದು ಇಂದು ಯಾರೂ ಹೇಳುವುದಿಲ್ಲ.

ಸಿಲೋನಿನ ಸುದ್ದಿ ಸುಳ್ಯದ ಟೀಚರಿಗೆ ಯಾಕೆ ಎಂದು ಕೇಳಬೇಡಿ. 1964ರ ಅಕ್ಟೋಬರಿನಲ್ಲಿ ನಮ್ಮ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ ಆ ತೋಟದ ತಮಿಳರಲ್ಲಿ 5,25,000 ಜನರನ್ನು ಭಾರತ ತೆಗೆದುಕೊಳ್ಳಬೇಕಾಯಿತು, 3,00,000 ಜನರನ್ನು ಅವರು ಉಳಿಸಿಕೊಂಡರು. ಮನುಷ್ಯರನ್ನು ಭತ್ತದ ಮೂಟೆಯ ಹಾಗೆ ಪಾಲು ಹಾಕಿದರು. ಹಾಗೆ ಬಂದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಅವರ ಕಾಲೊನಿಯೊಂದು 2001ರಲ್ಲಿ ನನ್ನ ಬ್ಲಾಕಿನಲ್ಲಿತ್ತು.

ಅಲ್ಲಿ ಒಬ್ಬ ಅಜ್ಜಿ. ಬೆಳಗಿನ ಟ್ಯಾಪಿಂಗ್ ಮುಗಿಸಿ ಬಂದಿದ್ದಳು, ಕೈಗೆ ರಬ್ಬರ್ ಹಾಲಿನ ವಾಸನೆ. ಮಾತೃಭಾಷೆ ತಮಿಳು. ಅದರ ನಂತರ ಗೊತ್ತಿರುವ ಬೇರೆ ಭಾಷೆಗಳ ಕಾಲಂ. ಎರಡಕ್ಕೆ ಮಾತ್ರ ಜಾಗ, ಚೆನ್ನಾಗಿ ಬರುವುದು ಮೊದಲು. ‘ಸಿಂಹಳ’ ಎಂದಳು. ನಾನು ಪೆನ್ನು ನಿಲ್ಲಿಸಿ ನೋಡಿದೆ. ‘ಮರೆಯುವುದಕ್ಕೆ ಆಗಲಿಲ್ಲ ಟೀಚರ್. ಅದೇ ಭಾಷೆಯವರ ಜೊತೆ ಬೆಳೆದದ್ದು’ ಎಂದಳು. ಎರಡನೆಯದು? ತೋಟದಲ್ಲಿ ಆಡುವುದು ತುಳು, ಅದನ್ನೇ ಬರೆಯಿರಿ ಎಂದಳು. ಇಷ್ಟನ್ನೂ ಅವಳು ನನಗೆ ಹೇಳಿದ್ದು ಕನ್ನಡದಲ್ಲಿ! ಕನ್ನಡ ಟೀಚರಿನ ಕೈಯಲ್ಲೇ ಕನ್ನಡಕ್ಕೆ ಜಾಗ ಸಿಗಲಿಲ್ಲ. ಬರೆದೆ. ಹೇಳಿದ್ದನ್ನೇ ಬರೆದೆ. ಹೊರಡುವಾಗ ಅಜ್ಜಿ ಕೇಳಿದಳು: ‘ಅಲ್ಲಿ ನಮ್ಮನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಇಲ್ಲಿ ನೀವು ಹತ್ತು ವರ್ಷಕ್ಕೊಮ್ಮೆ ಬಂದು ಎಣಿಸುತ್ತೀರಿ. ಯಾಕೆ ಟೀಚರ್, ಮಧ್ಯದಲ್ಲಿ ಓಡಿಹೋಗುತ್ತೇವೆ ಎಂದೇ?’ ಇಬ್ಬರೂ ನಕ್ಕೆವು. ಅವಳ ಮೊಮ್ಮಗ ಆ ವರ್ಷ ನನ್ನ ಒಂದನೇ ತರಗತಿಯಲ್ಲಿದ್ದ.

ಆ ತರಗತಿಯ ಬಗ್ಗೆಯೂ ಸ್ವಲ್ಪ ಹೇಳಲೇಬೇಕು. ಇಪ್ಪತ್ತಮೂರು ಮಕ್ಕಳು. ಮನೆಯಲ್ಲಿ ಅರೆಭಾಷೆ, ತುಳು, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ, ತಮಿಳು. ಒಬ್ಬಳದು ಮರಾಠಿ. ಜೂನ್ ತಿಂಗಳಲ್ಲಿ ನೀರು ಬೇಕು, ಹೊಟ್ಟೆ ನೋವು, ಅವನು ಹೊಡೆದ ಎಂಬ ಮೂರು ದೂರುಗಳನ್ನು ಏಳು ರೀತಿಯಲ್ಲಿ ಕೇಳಿ ಅರ್ಥ ಮಾಡಿಕೊಳ್ಳಬೇಕು. ‘ಕನ್ನಡದಲ್ಲಿ ಕೇಳಿದರೆ ಮಾತ್ರ ನೀರು’ ಎಂದರೆ ಆರು ವರ್ಷದ ಮಗು ಚಡ್ಡಿಯಲ್ಲೇ ಮಾಡಿಕೊಳ್ಳುತ್ತದೆಯೇ ಹೊರತು ಕನ್ನಡ ಕಲಿಯುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಮೊದಲ ವರ್ಷ ಹಾಗೆ ಹೇಳಿದವಳು ನಾನೇ. ಅವರ ಮಾತಿನಲ್ಲಿ ನಾಲ್ಕು ಶಬ್ದ ನಾನು ಆಡಿದರೆ ದೀಪಾವಳಿಯ ಹೊತ್ತಿಗೆ ಅವರೇ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಮಕ್ಕಳು ಜಗಳವಾಡಲು ಆರಿಸಿಕೊಂಡ ಭಾಷೆ ಅವರದ್ದಾಯಿತು ಎಂದೇ ನನ್ನ ಲೆಕ್ಕ. ಕನ್ನಡ ಅವರ ಮನೆಮಾತನ್ನು ಹೊರಗೆ ಹಾಕಿ ಒಳಗೆ ಬರಲಿಲ್ಲ, ಪಕ್ಕದಲ್ಲಿ ಜಾಗ ಮಾಡಿಕೊಂಡು ಕುಳಿತಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಏಳು ಭಾಷೆಯ ಒಂದು ಕೋಣೆಯಲ್ಲಿ ಅದು ಹೇಗೆ ಎಂದು ಯಾರೂ ಹೇಳಿಕೊಡಲಿಲ್ಲ. ನಮಗೆ ತೋಚಿದಂತೆ ಮಾಡಿದೆವು.

ಆ ಓದುಗರ ಆತಂಕದಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ದೇಶದ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷೆಯವರ ಪಾಲು 2001ರಲ್ಲಿ ಶೇ 3.69 ಇದ್ದದ್ದು 2011ರಲ್ಲಿ ಶೇ 3.61ಕ್ಕೆ ಇಳಿಯಿತು. ಅದೇ ಹೊತ್ತಿಗೆ ಹಿಂದಿಯವರು 52.83 ಕೋಟಿ ಎಂದು ದೊಡ್ಡ ಅಕ್ಷರದಲ್ಲಿ ಬಂತು. ಆದರೆ ಆ ಸಂಖ್ಯೆಯ ಹೊಟ್ಟೆಯೊಳಗೆ ಇಣುಕಿದರೆ ಹಿಂದಿ ಎಂದೇ ಹೇಳಿದವರು ಸುಮಾರು 32 ಕೋಟಿ ಮಾತ್ರ. ಉಳಿದವರು ಐದು ಕೋಟಿ ಭೋಜ್‌ಪುರಿ, ಎರಡೂವರೆ ಕೋಟಿ ರಾಜಸ್ಥಾನಿ, ಒಂದೂವರೆ ಕೋಟಿ ದಾಟಿದ ಛತ್ತೀಸ್‌ಗಢಿ, ಒಂದು ಕೋಟಿ ದಾಟಿದ ಮಗಹಿ ಹೀಗೆ ಐವತ್ತಕ್ಕೂ ಹೆಚ್ಚು ನುಡಿಗಳವರು. ಅವರನ್ನೆಲ್ಲ ಒಂದೇ ಮಾಡಿನ ಕೆಳಗೆ ಕೂರಿಸಿ ತಲೆ ಎಣಿಸಿ, ಆ ಸಂಖ್ಯೆ ತೋರಿಸಿ ನಮ್ಮ ಮೇಲೆ ಹಿಂದಿ ಹೇರಲು ಬರುತ್ತಾರೆ ಎಂದು ಕನ್ನಡಿಗರಾದ ನಾವು ಸಿಟ್ಟಾಗುತ್ತೇವೆ. ಆಗಲೇಬೇಕು. ನಾನೂ ಆಗುತ್ತೇನೆ.

ಹಾಗಾದರೆ ನಮ್ಮ ಮಾಡಿನ ಕೆಳಗೆ ಯಾರಿದ್ದಾರೆ? 2011ರ 4,37,06,512 ಕನ್ನಡಿಗರಲ್ಲಿ 1,33,550 ಮಂದಿ ನೀಲಗಿರಿಯ ಬಡಗ ನುಡಿಯವರು, 24,189 ಮಂದಿ ಕುರುಬ ಅಥವಾ ಕುರುಂಬ ನುಡಿಯವರು. ಪ್ರಾಕೃತ ಎಂದು ಬರೆಸಿದ 12,257 ಮಂದಿಯೂ ಕನ್ನಡದ ಕೆಳಗೇ ಇದ್ದಾರೆ, ಇದನ್ನು ಓದಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಕೊನೆಗೆ ‘ಇತರೆ’ 30,244. ಅರೆಭಾಷೆ ಎಂಬ ಹೆಸರು ಪಟ್ಟಿಯಲ್ಲಿ ಇಲ್ಲ. ಅದೇ 2011ರ ಡಿಸೆಂಬರಿನಲ್ಲಿ ನಮ್ಮ ಸರ್ಕಾರವೇ ಅರೆಭಾಷೆಗೆ ಅಕಾಡೆಮಿ ಮಾಡಿತು. ಒಂದು ಕೈ ಮಣೆ ಹಾಕಿದರೆ ಇನ್ನೊಂದು ಕೈಗೆ ಅತಿಥಿ ಬಂದದ್ದೇ ಗೊತ್ತಿಲ್ಲ. ಭೋಜ್‌ಪುರಿಯವರನ್ನು ಹಿಂದಿಗೆ ಸೇರಿಸಿದರೆ ಅನ್ಯಾಯ, ಸುಳ್ಯದ ನಮ್ಮನ್ನು, ತುಳುವರನ್ನು, ಕೊಡವರನ್ನು ‘ಕನ್ನಡ’ ಬರೆಸಿ ಎಂದರೆ ಅಭಿಮಾನ. ಇದು ಯಾವ ತಕ್ಕಡಿ?

ಕೊಡವ ತಕ್ಕ್ ಆಡುವವರು 2001ರಲ್ಲಿ 1,66,187 ಇದ್ದರು, 2011ರಲ್ಲಿ 1,13,857. ಹತ್ತು ವರ್ಷದಲ್ಲಿ ಐವತ್ತೆರಡು ಸಾವಿರ ಜನ ಕಾವೇರಿಯಲ್ಲಿ ಕೊಚ್ಚಿಕೊಂಡು ಹೋಗಲಿಲ್ಲ. ಬೆಂಗಳೂರಿನ ಮನೆಗಳಲ್ಲಿ ಮಾತು ಬದಲಾಗಿದ್ದು ಎಷ್ಟು, ಗಣತಿದಾರರ ಪೆನ್ನು ಬದಲಾಯಿಸಿದ್ದು ಎಷ್ಟು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ನನ್ನಂಥವಳೊಬ್ಬಳು ಊರಿಗೊಬ್ಬಳಿದ್ದರೂ ಸಾಕು ಎಂದಷ್ಟೇ ಹೇಳಬಲ್ಲೆ.

ಸಂಖ್ಯೆ ಹೆಚ್ಚಿಸಲು ಮಾತೃಭಾಷೆ ಬದಲಿಸಿ ಬರೆಸಿದ ಪ್ರಯೋಗವೂ ಈ ದೇಶದಲ್ಲಿ ಆಗಿಹೋಗಿದೆ. 1951ರಲ್ಲಿ ಪಂಜಾಬಿನಲ್ಲಿ ಮನೆಯಲ್ಲಿ ಪಂಜಾಬಿ ಆಡುವ ಅನೇಕ ಹಿಂದೂಗಳಿಗೆ ‘ಹಿಂದಿ’ ಎಂದು ಬರೆಸಲು ಪ್ರಚಾರ ನಡೆಯಿತು. ಭಾಷೆಯ ಕಾಲಂ ಧರ್ಮದ ಕಾಲಂ ಆಗಿಹೋಯಿತು. ಜಗಳ ಎಲ್ಲಿಗೆ ಮುಟ್ಟಿತೆಂದರೆ ಆ ಭಾಗದಲ್ಲಿ ಹಿಂದಿ, ಪಂಜಾಬಿ, ಉರ್ದುವನ್ನು ಬೇರೆ ಬೇರೆಯಾಗಿ ತೋರಿಸದೆ ಒಟ್ಟಿಗೆ ಸೇರಿಸಿ ಪ್ರಕಟಿಸಿದರು. ಪಂಜಾಬಿ ಭಾಷೆಯ ರಾಜ್ಯ ಆಗಲು 1966ರವರೆಗೆ ಕಾಯಬೇಕಾಯಿತು. ಅಷ್ಟರೊಳಗೆ ಒಂದೇ ಮಾತನ್ನಾಡುವ ನೆರೆಹೊರೆಯವರ ನಡುವೆ ಬೆಳೆದ ಅನುಮಾನ ಯಾವ ಕೋಷ್ಟಕದಲ್ಲೂ ಬರಲಿಲ್ಲ.

ಇನ್ನು ನಾನು ಕೇಳುವುದು ಇಷ್ಟು. ಈ ಸಲ ಗಣತಿ ಮೊಬೈಲಿನಲ್ಲಿ. ಭಾಷೆಯ ಹೆಸರನ್ನು ಪಟ್ಟಿಯಿಂದ ಆರಿಸುವ ವ್ಯವಸ್ಥೆ ಮಾಡುವುದಾದರೆ, ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಟೈಪ್ ಮಾಡಲು ಖಾಲಿ ಜಾಗ ಇರಲೇಬೇಕು. ಕಾಗದದ ಕಾಲದಲ್ಲಿ ಸುಳ್ಳು ಬರೆಯಲು ನನ್ನಂಥವಳು ಬೇಕಿತ್ತು. ಈಗ ಯಂತ್ರವೇ ‘ಅರೆಭಾಷೆ ಇಲ್ಲ, ಬೇರೆ ಆರಿಸಿ’ ಎಂದರೆ ಯಾರ ಮೇಲೆ ಸಿಟ್ಟಾಗುವುದು? ಎರಡನೆಯದು, ತರಬೇತಿಯಲ್ಲಿ ಮಾತೃಭಾಷೆಯ ಪುಟವನ್ನು ಗಟ್ಟಿಯಾಗಿ ಓದಿ ಹೇಳಬೇಕು. ನನಗೆ ಸಿಕ್ಕಿದ ಮೊದಲ ತರಬೇತಿಯಲ್ಲಿ ಆ ಪುಟ ಬರುವಾಗ ಊಟದ ಹೊತ್ತಾಗಿತ್ತು. ಮೂರನೆಯದು ಗಣತಿಗೆ ಹೋಗುವ ಶಿಕ್ಷಕಿಯರಿಗೆ: ಮನೆಯ ಯಜಮಾನ ಎಲ್ಲರ ಪರವಾಗಿ ಒಂದೇ ಉಸಿರಿನಲ್ಲಿ ಉತ್ತರ ಹೇಳುತ್ತಾನೆ. ಸೊಸೆ ಬೇರೆ ಊರಿನಿಂದ ಬಂದಿರುತ್ತಾಳೆ. ಅವಳನ್ನೂ ಕೇಳಿ.

ಪತ್ರ ಇಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ನನ್ನ ಮನೆಯ ಲೆಕ್ಕವನ್ನೂ ಹೇಳಿಬಿಡುವುದು ನ್ಯಾಯ. ಮಗಳು ಬೆಂಗಳೂರಿನಲ್ಲಿದ್ದಾಳೆ. ಅಳಿಯ ಧಾರವಾಡದ ಕಡೆಯವರು. ನಾಲ್ಕು ವರ್ಷದ ಮೊಮ್ಮಗನಿದ್ದಾನೆ. ಮೊನ್ನೆ ಈ ಪತ್ರದ ಸುದ್ದಿ ಹೇಳಿದಾಗ ಫೋನಿನಲ್ಲಿ ಕೇಳಿದಳು: ‘ಅಮ್ಮ, ನನ್ನದು ಅರೆಭಾಷೆ ಸರಿ. ಇವನದು ಏನು ಬರೆಸಲಿ?’

‘ನೀನು ಅವನ ಜೊತೆ ಯಾವುದರಲ್ಲಿ ಮಾತನಾಡುತ್ತೀ?’ ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕನ್ನಡದಲ್ಲೇ ಅಮ್ಮ’ ಎಂದಳು.

‘ಹಾಗಾದರೆ ಕನ್ನಡ ಬರೆಸು’ ಎಂದೆ.

ಇತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಸುಳ್ಯ ತಾಲ್ಲೂಕು, ದಕ್ಷಿಣ ಕನ್ನಡ